ವೋಟು ಯಾರಿಗೆ? ಮೊದಲು ಕುರ್ಚಿಯ ಕೆಲಸ ಕೇಳಿ

ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಊರೂರಲ್ಲೂ ಶುರುವಾಗಿದೆ. ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಮಕ್ಕಳ ಓದಿಗಿಂತ ವೋಟಿನ ಪ್ರಶ್ನೆಗಳೇ ಜಾಸ್ತಿ. ನಾನು ತಿಪಟೂರು ಕಡೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆ ಡ್ಯೂಟಿ ಮಾಡಿದ್ದೇನೆ. ಮೊದಲು ಪೋಲಿಂಗ್ ಆಫೀಸರ್, ಆಮೇಲೆ ಪಿ.ಆರ್.ಓ., ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ. ಯಾವ ಪಕ್ಷಕ್ಕೆ ಹಾಕಿ ಅಂತ ಈ ಪುಟದಲ್ಲಿ ಹೇಳುವುದಿಲ್ಲ. ಆದರೆ ಹೇಗೆ ತೀರ್ಮಾನ ಮಾಡಬೇಕು ಅನ್ನುವ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಅವನ್ನು ಮುಚ್ಚಿಡದೆ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ 24 ವರ್ಷ. 2023ರ ವಿಧಾನಸಭೆ ಚುನಾವಣೆಯಲ್ಲಿ ಮೊದಲ ಸಲ ವೋಟು ಹಾಕಿದೆ. ನಾನು ಮೆಚ್ಚುವ ಪಕ್ಷದಿಂದ ನಿಂತವರ ಮೇಲೆ ಕೇಸುಗಳಿದ್ದವು. ಊರ ಕಡೆ ತಲೆ ಹಾಕಿದವರೂ ಅಲ್ಲ. ಎದುರು ಪಕ್ಷದವರು ಒಳ್ಳೆಯವರು, ಕರೆದರೆ ಬರುವವರು. ಆದರೆ ಅವರ ಪಕ್ಷದ ನೀತಿ ನನಗೆ ಒಪ್ಪಿಗೆಯಿಲ್ಲ. ಬಟನ್ ಒತ್ತುವ ತನಕ ಗೊಂದಲವಿತ್ತು, ಒತ್ತಿದ ಮೇಲೂ ಸಮಾಧಾನ ಆಗಲಿಲ್ಲ. 2028ರಲ್ಲಿ ಮತ್ತೆ ಇದೇ ಕಥೆ ಆಗಬಾರದು. ವ್ಯಕ್ತಿ ನೋಡಬೇಕಾ, ಪಕ್ಷ ನೋಡಬೇಕಾ?
— ಹಾವೇರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, "ವ್ಯಕ್ತಿ ನೋಡಿ ವೋಟು ಹಾಕಿ" ಅಂತ ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ನಾವು ಯಾವ ಕುರ್ಚಿಗೆ ಜನ ಆರಿಸುತ್ತಿದ್ದೇವೆ, ಆ ಕುರ್ಚಿಗೆ ಏನು ಕೆಲಸ, ಅದು ಮೊದಲು ಗೊತ್ತಾಗಬೇಕು.

ಎಂ.ಎಲ್.ಎ.ಗೆ ಎರಡು ಕೆಲಸ. ಒಂದು ತಾಲ್ಲೂಕಿನಲ್ಲಿ, ಇನ್ನೊಂದು ವಿಧಾನಸೌಧದಲ್ಲಿ. ತಾಲ್ಲೂಕಿನ ಕೆ.ಡಿ.ಪಿ. ಸಭೆಗೆ ಅವರೇ ಅಧ್ಯಕ್ಷರು. ಆಸ್ಪತ್ರೆಯಲ್ಲಿ ಡಾಕ್ಟರ್ ಯಾಕಿಲ್ಲ, ಶಾಲೆ ಕಟ್ಟಡ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಅಧಿಕಾರಿಗಳನ್ನು ಎದುರು ಕೂರಿಸಿ ಕೇಳುವ ಜಾಗ ಅದು. ಸರ್ಕಾರಿ ಜಮೀನು ಉಳುತ್ತಿರುವವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೂ ಅವರೇ ಅಧ್ಯಕ್ಷರು. ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ನಿಧಿ ಇರುತ್ತದೆ. ಇಲ್ಲೆಲ್ಲ ಮನುಷ್ಯ ಎಂಥವನು ಅನ್ನುವುದೇ ಮುಖ್ಯ. ಫೋನ್ ಎತ್ತುತ್ತಾರಾ, ಕಡತ ಓದುತ್ತಾರಾ, ತಮಗೆ ವೋಟು ಹಾಕದ ಕೇರಿಗೂ ಹೋಗುತ್ತಾರಾ?

ವಿಧಾನಸೌಧದ ಒಳಗೆ ಲೆಕ್ಕ ಬೇರೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಅಂದಿನಿಂದ ಪಕ್ಷ ವಿಪ್ ಕೊಟ್ಟರೆ ಶಾಸಕರು ಅದರಂತೆಯೇ ಮತ ಹಾಕಬೇಕು. ಮೀರಿದರೆ ಸ್ಥಾನ ಕಳೆದುಕೊಳ್ಳಬಹುದು. ನಿಮ್ಮ ಒಳ್ಳೆಯ ವ್ಯಕ್ತಿಗೆ ಒಂದು ಮಸೂದೆ ಮನಸ್ಸಿಗೆ ಒಪ್ಪದಿದ್ದರೂ ಪಕ್ಷ ಹೇಳಿದ ಕಡೆಗೇ ಕೈ ಎತ್ತಬೇಕಾಗುತ್ತದೆ. ಸರ್ಕಾರ ಯಾರದ್ದು ಅನ್ನುವುದೂ ಅಲ್ಲೇ ತೀರ್ಮಾನ ಆಗುವುದು. 224 ಸ್ಥಾನದಲ್ಲಿ 113 ಯಾರ ಹತ್ತಿರ ಇದೆ ಅನ್ನುವ ಲೆಕ್ಕದಲ್ಲಿ ನಿಮ್ಮ ಶಾಸಕರೂ ಒಂದು ತಲೆ.

ಇದು ಸಣ್ಣ ವಿಷಯ ಅಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಮಾಡಿದ್ದರಿಂದ ಎಷ್ಟೋ ಗೇಣಿದಾರರ ಮನೆಗೆ ಪಹಣಿ ಬಂತು. ಅದೇ ಕಾಯ್ದೆಗೆ 2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾಯಿತು. ಇವೆರಡೂ ಸರಿಯೋ ತಪ್ಪೋ, ನೀವೇ ಯೋಚಿಸಿ. ನಿಮ್ಮದು ರೈತರ ಮನೆಯಾದರೆ ಎರಡರ ಬಗ್ಗೆಯೂ ಅಭಿಪ್ರಾಯ ಇದ್ದೇ ಇರುತ್ತದೆ. ಇಂಥ ಕಾನೂನು ಒಬ್ಬ ಶಾಸಕರ ಒಳ್ಳೆಯತನದಿಂದ ಆಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಪಕ್ಷ ತೀರ್ಮಾನಿಸಬೇಕು.

ಅದಕ್ಕೇ ನಾನು ಹೇಳುವುದು, ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಐದು ವರ್ಷಕ್ಕೆ ನಿಮಗೂ ನಿಮ್ಮ ಮನೆಗೂ ತುಂಬಾ ಮುಖ್ಯ ಅನಿಸುವ ಎರಡು ಮೂರು ವಿಷಯ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ, ಅದು ಯಾರ ಕೈಯಲ್ಲಿದೆ ಅಂತ ಬರೆಯಿರಿ. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಘೋಷಿಸುವುದು ಕೇಂದ್ರ ಸರ್ಕಾರ, ಅದು ಲೋಕಸಭೆ ಚುನಾವಣೆಯ ಪ್ರಶ್ನೆ. ಸರ್ಕಾರಿ ಕೆಲಸಗಳ ನೇಮಕಾತಿ ರಾಜ್ಯದ ನೀತಿ, ಅಲ್ಲಿ ಪಕ್ಷ ನೋಡಬೇಕು. ತಾಲ್ಲೂಕು ಆಸ್ಪತ್ರೆ ವರ್ಷಗಟ್ಟಲೆ ಕೆಟ್ಟು ಕೂತಿದೆ, ಇದುವರೆಗಿನ ಶಾಸಕರು ತಿರುಗಿಯೂ ನೋಡಿಲ್ಲ ಅಂದರೆ ಅಲ್ಲಿ ವ್ಯಕ್ತಿಗೆ ತೂಕ ಜಾಸ್ತಿ. ಹೀಗೆ ಬರೆದಾಗ ನಿಮ್ಮ ಗೊಂದಲದ ಅರ್ಧ ಕರಗುತ್ತದೆ.

ಈಗ ಆ ಕೇಸುಗಳ ವಿಷಯ. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಿಂದಾಗಿ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಅಫಿಡವಿಟ್ ಕೊಡಬೇಕು. ತಮ್ಮ ಮೇಲಿರುವ ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿರಬೇಕು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಅದು ಯಾರಿಗೆ ಬೇಕಾದರೂ ಸಿಗುತ್ತದೆ. "ಕೇಸ್ ಇದೆಯಂತೆ" ಅನ್ನುವ ಗಾಳಿಮಾತಿಗೆ ನಿಲ್ಲಬೇಡಿ, ತೆಗೆದು ಓದಿ. ಯಾವ ಸೆಕ್ಷನ್ ಅಂತ ನೋಡಿ. ನ್ಯಾಯಾಲಯ ದೋಷಾರೋಪ ಹೊರಿಸಿದೆಯಾ ಅನ್ನುವುದಕ್ಕೆ ಬೇರೆ ಕಾಲಂ ಇದೆ, ಅದನ್ನೂ ನೋಡಿ. ನೀರಿಗಾಗಿ ರಸ್ತೆ ತಡೆ ಮಾಡಿದ ಕೇಸೂ ಒಂದು ಕೇಸೇ, ಹೆಂಗಸಿನ ಮೇಲೆ ಕೈ ಮಾಡಿದ ಕೇಸೂ ಒಂದು ಕೇಸೇ. ಎರಡೂ ಒಂದೇ ಆಗುತ್ತವಾ? ಕೇಸು ಇರುವವರಿಗೇ ಯಾಕೆ ಟಿಕೆಟ್ ಕೊಟ್ಟೆವು ಅಂತ ಪಕ್ಷ ಕಾರಣ ಪ್ರಕಟಿಸಬೇಕು ಅಂತ 2020ರಲ್ಲಿ ಕೋರ್ಟ್ ಹೇಳಿದೆ. ಬರೀ "ಗೆಲ್ಲುವ ಸಾಮರ್ಥ್ಯ" ಅನ್ನುವುದು ಕಾರಣ ಆಗುವುದಿಲ್ಲ ಅಂತಲೂ ಹೇಳಿದೆ. ಪಕ್ಷ ಏನು ಕಾರಣ ಕೊಟ್ಟಿದೆ ಅಂತ ಓದಿ ನೋಡಿ.

ಆಸ್ತಿ ಓದುವಾಗ ಸ್ವಲ್ಪ ಎಚ್ಚರ ಇರಲಿ. ಹಿಂದೆ ಅವರು ನಿಂತಿದ್ದರೆ ಆಗಿನ ಅಫಿಡವಿಟ್ಟೂ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಐದು ವರ್ಷದಲ್ಲಿ ಹಳೇ ಜಮೀನಿನ ಬೆಲೆ ಏರಿದ್ದರೆ ಅದು ಕಳ್ಳತನ ಅಲ್ಲ. ಸರ್ವೆ ನಂಬರುಗಳೇ ಜಾಸ್ತಿಯಾಗಿದ್ದರೆ, ವರಮಾನ ಮಾತ್ರ ಮೊದಲಿನಷ್ಟೇ ಇದ್ದರೆ, ಪ್ರಚಾರಕ್ಕೆ ಬಂದಾಗ ಕೇಳಲು ನಿಮಗೆ ಹಕ್ಕಿದೆ.

ಇನ್ನೊಂದು ಮಾತು. ಒಳ್ಳೆಯ ವ್ಯಕ್ತಿ ಅಂತ ಆರಿಸುತ್ತೀರಿ. ಗೆದ್ದ ಪಕ್ಷದಲ್ಲಿ ಐದು ವರ್ಷ ಇರುತ್ತಾರಾ? 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದದ್ದು, ಸರ್ಕಾರ ಬಿದ್ದದ್ದು ನೆನಪಿರಬೇಕು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆಯಿತು. ಬಿಟ್ಟು ಹೋದವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಮತ್ತೆ ಗೆದ್ದರು. ಆ ಕ್ಷೇತ್ರದ ಜನ ಒಪ್ಪಿದರು, ಅದು ಅವರ ಹಕ್ಕು. ಆದರೆ 2018ರಲ್ಲಿ ಪಕ್ಷ ನೋಡಿ ವೋಟು ಹಾಕಿದವರ ವೋಟು ಒಂದು ವರ್ಷದಲ್ಲಿ ಬೇರೆ ಕಡೆ ಹೋಯಿತಲ್ಲ. ಹಾಗಾಗಿ ಅಭ್ಯರ್ಥಿ ಹಿಂದೆ ಎಷ್ಟು ಪಕ್ಷ ದಾಟಿ ಬಂದಿದ್ದಾರೆ, ಯಾವ ಕಾರಣಕ್ಕೆ ದಾಟಿದರು ಅಂತ ಕೇಳಿಯೇ ಕೇಳಿ.

ನನ್ನ ತೀರ್ಮಾನ ಹೇಳಿ ಅಂದರೆ ಇಷ್ಟು. ಹೊಡೆದಾಟ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಸಾರ್ವಜನಿಕರ ಹಣ ನುಂಗಿದ ಆರೋಪ, ಇಂಥವು ಕೋರ್ಟಿನಲ್ಲಿ ದೋಷಾರೋಪದ ತನಕ ಹೋಗಿದ್ದರೆ ನಾನು ಮೆಚ್ಚುವ ಪಕ್ಷವಾದರೂ ಆ ಅಭ್ಯರ್ಥಿಗೆ ಹಾಕುವುದಿಲ್ಲ. ಸ್ಥಾನ ಕಳೆದುಕೊಳ್ಳದೆ ಪಕ್ಷಗಳು ಬುದ್ಧಿ ಕಲಿಯುವುದಿಲ್ಲ. ಅಂಥದ್ದೇನೂ ಇಲ್ಲ, ಅಭ್ಯರ್ಥಿ ಸ್ವಲ್ಪ ಸಪ್ಪೆ ಅನ್ನುವುದಷ್ಟೇ ದೂರಾದರೆ, ವಿಧಾನಸಭೆಯಲ್ಲಿ ಪಕ್ಷಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ಪ್ರಶ್ನೆ: ಅಕ್ಕಾ, ಹೋದ ಚುನಾವಣೆಯಲ್ಲಿ ನಮ್ಮ ಮನೆಗೆ ಬಂದು ದುಡ್ಡು, ಸೀರೆ ಕೊಟ್ಟರು. ನಾನು ಬೇಡ ಅಂದೆ. ನಮ್ಮ ಯಜಮಾನರು ತಗೊಂಡರು. ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ನನಗೆ ಬೇರೆಯವರಿಗೆ ಹಾಕಬೇಕು ಅಂತಿತ್ತು. ಹೆದರಿ ಅವರಿಗೇ ಹಾಕಿದೆ. ಆಣೆ ತಪ್ಪಿದರೆ ಮಕ್ಕಳಿಗೆ ಏನಾದರೂ ಆಗುತ್ತಾ? ಯಾರಿಗೆ ಹಾಕಿದೆವು ಅಂತ ಅವರಿಗೆ ಗೊತ್ತಾಗುತ್ತಂತೆ, ನಿಜವಾ?
— ಮಂಡ್ಯ ಜಿಲ್ಲೆಯ ಓದುಗಿ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ನನಗೆ ತುಂಬಾ ಸಂಕಟ ಆಯಿತು, ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲೆ ಅಲ್ಲ, ಮಕ್ಕಳ ಮೇಲಿನ ನಿಮ್ಮ ಪ್ರೀತಿಯನ್ನೇ ಹಿಡಿದು ಹೆದರಿಸಿದವರ ಮೇಲೆ.

ನಾನೂ ದೇವರನ್ನು ನಂಬುವವಳು. ಬಲವಂತದಿಂದ ಮಾಡಿಸಿದ ಆಣೆ ಆಣೆಯಲ್ಲ. ದುಡ್ಡಿನ ವ್ಯವಹಾರಕ್ಕೆ ದೇವರ ಫೋಟೋ ತಂದು ನಿಲ್ಲಿಸಿದ್ದು ಅವರ ತಪ್ಪು. ಆ ಪಾಪ ಏನಾದರೂ ಇದ್ದರೆ ಅದು ಅವರಿಗೆ ಸೇರಿದ್ದು. ನಿಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ, ಧೈರ್ಯವಾಗಿರಿ. ಕಾನೂನೂ ಇದನ್ನೇ ಹೇಳುತ್ತದೆ. ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಅಂತ ಮತದಾರರನ್ನು ನಂಬಿಸಿ ವೋಟು ಕೇಳುವುದನ್ನು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಚುನಾವಣಾ ಭ್ರಷ್ಟಾಚಾರದ ಪಟ್ಟಿಗೇ ಸೇರಿಸಿದೆ. 1951ರ ಕಾಯ್ದೆ ಅದು. ಆಗಿನವರಿಗೂ ಈ ಹೆದರಿಕೆಯ ಬಲ ಗೊತ್ತಿತ್ತು.

ಗುಟ್ಟಿನ ವಿಷಯ. ಮತಗಟ್ಟೆಯ ಒಳಗೆ ಕೂತವಳಾಗಿ ಹೇಳುತ್ತೇನೆ. ರಿಜಿಸ್ಟರಿನಲ್ಲಿ ನಿಮ್ಮ ಕ್ರಮಸಂಖ್ಯೆ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ನೀವು ಬಂದಿರಿ ಅನ್ನುವುದು ಮಾತ್ರ ಅದರಲ್ಲಿ ಇರುತ್ತದೆ. ಏಜೆಂಟರು ತಮ್ಮ ಪಟ್ಟಿಯಲ್ಲಿ ಗೆರೆ ಹೊಡೆಯುವುದೂ ಅಷ್ಟಕ್ಕೇ. ರಟ್ಟಿನ ಮರೆಯ ಹಿಂದೆ ನೀವು ಒಬ್ಬರೇ. ವೋಟಿನ ಯಂತ್ರದ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನಲ್ಲಿ ನೀವು ಒತ್ತಿದ ಗುರುತಿನ ಚೀಟಿ 7 ಸೆಕೆಂಡು ಕಾಣುತ್ತದೆ, ಆಮೇಲೆ ಕತ್ತರಿಸಿ ಒಳಗೆ ಬೀಳುತ್ತದೆ. ಅದರ ಮೇಲೆ ನಿಮ್ಮ ಹೆಸರೂ ಇಲ್ಲ, ನಂಬರೂ ಇಲ್ಲ. ಒಳಗೆ ಬಂದು ಯಾರಾದರೂ ಇಣುಕಿದರೆ ಪಿ.ಆರ್.ಓ.ಗೆ ಕೂಗಿ ಹೇಳಿ. ಹೊರಗೆ ಕಳಿಸುವ ಅಧಿಕಾರ ಅವರಿಗಿದೆ.

ಒಂದು ವಿಷಯ ಮಾತ್ರ ಮುಚ್ಚುವುದಿಲ್ಲ. ಎಣಿಕೆ ಬೂತ್‌ವಾರು ಆಗುತ್ತದೆ, ಲೆಕ್ಕವೂ ಬೂತ್‌ವಾರು ಪ್ರಕಟ ಆಗುತ್ತದೆ. "ನಿಮ್ಮ ಬೂತಿನಲ್ಲಿ ನಮಗೆ ಕಡಿಮೆ ಬಂದಿದೆ" ಅಂತ ಅವರು ಹೇಳಬಹುದು. "ಯಾರಿಗೆ ಹಾಕಿದ್ರಿ ಅಂತ ಗೊತ್ತಾಗುತ್ತೆ" ಅನ್ನುವ ಮಾತು ಹುಟ್ಟಿದ್ದೇ ಇದರಿಂದ. ಆದರೆ ಒಂದು ಬೂತಿನಲ್ಲಿ ಸಾವಿರದ ಆಸುಪಾಸು ಹೆಸರುಗಳಿರುತ್ತವೆ. ಅಷ್ಟು ಜನರಲ್ಲಿ ನಿಮ್ಮ ಒಂದು ವೋಟನ್ನು ಹುಡುಕಿ ತೆಗೆಯಲು ಯಾರಿಂದಲೂ ಆಗದು. ನಿಮ್ಮ ಯಜಮಾನರಿಂದಲೂ ಆಗದು. ನೀವಾಗಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹೇಳಲೇಬೇಕು ಅಂತ ಏನೂ ಇಲ್ಲ.

ಇನ್ನು ಮುಂದಕ್ಕೆ, ದುಡ್ಡು ಬಾಗಿಲಲ್ಲೇ ವಾಪಸ್ ಹೋಗಲಿ. ವೋಟಿಗಾಗಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಒಂದು ವರ್ಷದವರೆಗೆ ಜೈಲು ಆಗಬಹುದು ಅಂತ ಯಜಮಾನರಿಗೆ ಮೆಲ್ಲಗೆ ಹೇಳಿ. ಚುನಾವಣೆ ಸಮಯದಲ್ಲಿ ಸಿ-ವಿಜಿಲ್ ಆ್ಯಪ್ ಇರುತ್ತದೆ. ಫೋಟೋ ಅಥವಾ ವಿಡಿಯೋ ಹಾಕಿದರೆ 100 ನಿಮಿಷದೊಳಗೆ ಕ್ರಮ ತೆಗೆದುಕೊಳ್ಳಬೇಕು ಅನ್ನುವುದು ಆಯೋಗದ ವ್ಯವಸ್ಥೆ. ಹೆಸರು ಹೇಳದೆಯೂ ದೂರು ಕೊಡಬಹುದು. ಊರೊಳಗೆ ಅದು ಕಷ್ಟ ಅಂತ ನನಗೆ ಗೊತ್ತು. ಆಗದಿದ್ದರೆ ಬಿಡಿ. ವೋಟು ಮಾತ್ರ ನಿಮ್ಮ ಮನಸ್ಸಿಗೆ ಬಂದವರಿಗೇ ಹಾಕಿ.

1952ರಲ್ಲಿ ಸಾಗರದ ಕಡೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ಕೇಳಿದ್ದು "ಒಂದು ವೋಟು, ಒಂದು ನೋಟು". ಜನರ ಹತ್ತಿರ ವೋಟಿನ ಜೊತೆ ಒಂದು ರೂಪಾಯಿಯನ್ನೂ ಕೇಳಿದರು. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ ನಡೆದ ಸೀಮೆಯ ಬಡ ಗೇಣಿದಾರರು ಕೈಯಿಂದ ಕೊಟ್ಟು ಗೆಲ್ಲಿಸಿದರು. ನಮ್ಮ ರಾಜ್ಯದಲ್ಲೇ ಆದದ್ದು ಇದು. ಪಾಠ ಮಾಡುವಾಗ ಮಕ್ಕಳಿಗೆ ಇದನ್ನು ಹೇಳದೆ ನಾನು ಚುನಾವಣೆಯ ಅಧ್ಯಾಯ ಮುಗಿಸುತ್ತಿರಲಿಲ್ಲ.

ಪ್ರಶ್ನೆ: ಯಾರೂ ಸರಿ ಇಲ್ಲದಿದ್ದರೆ ನೋಟಾ ಒತ್ತಬಹುದಲ್ವಾ? ನೋಟಾಗೆ ಜಾಸ್ತಿ ಬಂದರೆ ಮರುಚುನಾವಣೆ ಆಗುತ್ತಾ?
— ದಾವಣಗೆರೆಯ ಓದುಗ

ಉತ್ತರ: ಒತ್ತಬಹುದು. 2013ರಿಂದ ಆ ಬಟನ್ ಇದೆ. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅದಕ್ಕೆ ಎಷ್ಟೇ ಬಂದರೂ, ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಬಂದಿದೆಯೋ ಅವರೇ ಗೆದ್ದಂತೆ. ಮರುಚುನಾವಣೆ ಇಲ್ಲ.

2023ರಲ್ಲಿ ಬೆಂಗಳೂರಿನ ಜಯನಗರ ತೀರ್ಮಾನ ಆದದ್ದು 16 ವೋಟಿನಲ್ಲಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಲ್ಲಿ. ಹಾಗಾಗಿ ನೋಟಾ ಒತ್ತುವ ಮುಂಚೆ ಪಟ್ಟಿಯ ಎಲ್ಲ ಹೆಸರೂ ಓದಿ. ನಾವು ಎರಡು ಮೂರು ದೊಡ್ಡ ಪಕ್ಷ ನೋಡಿ "ಯಾರೂ ಸರಿ ಇಲ್ಲ" ಅಂತೇವೆ. ಕೆಳಗೆ ಸಣ್ಣ ಪಕ್ಷದವರು, ಪಕ್ಷೇತರರು ಇರುತ್ತಾರೆ. ಗೆಲ್ಲದಿದ್ದರೂ ಪರವಾಗಿಲ್ಲ, ಒಬ್ಬ ರೈತ ಸಂಘದವರಿಗೋ ಶಾಲೆಗಾಗಿ ಹೋರಾಡಿದವರಿಗೋ ಬಿದ್ದ ಸಾವಿರ ವೋಟು ಮುಂದಿನ ಸಲ ದೊಡ್ಡ ಪಕ್ಷದವರ ಕಣ್ಣಿಗೆ ಬೀಳುತ್ತದೆ. ನೋಟಾ ನಿಮಗೆ ಯಾರು ಬೇಡ ಅನ್ನುವುದನ್ನು ಮಾತ್ರ ಹೇಳುತ್ತದೆ.

ಪ್ರಶ್ನೆ: ಮೇಡಂ, ಗ್ರಾಮ ಪಂಚಾಯಿತಿಗೆ ನಮ್ಮ ವಾರ್ಡಿನಿಂದ ನಮ್ಮ ಭಾವನ ಮಗ ನಿಲ್ಲುತ್ತಾನಂತೆ. ಅವನು ಬೆಂಗಳೂರಿನಲ್ಲೇ ಹೆಚ್ಚು ಇರುವುದು. ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಹೆಣ್ಣುಮಗಳೂ ನಿಲ್ಲುತ್ತಾಳೆ, ತುಂಬಾ ಚುರುಕು. ಆದರೆ ನಮ್ಮ ಜಾತಿಯಲ್ಲ. ಮನೆಯಲ್ಲಿ ಎಲ್ಲರೂ "ನಮ್ಮವನಿಗೇ" ಅಂತಾರೆ. ಏನು ಮಾಡಲಿ?
— ಅರಸೀಕೆರೆ ಕಡೆಯ ಓದುಗಿ

ಉತ್ತರ: ಮೊದಲು ಒಂದು ವಿಷಯ ತಿಳಿದುಕೊಳ್ಳಮ್ಮ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಒಂದು ವಾರ್ಡಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸ್ಥಾನ ಇರುತ್ತದೆ. ಎಷ್ಟು ಸ್ಥಾನವೋ ಅಷ್ಟು ವೋಟು ನಿನಗೆ. ಒಬ್ಬರಿಗೇ ಎರಡು ಹಾಕುವ ಹಾಗಿಲ್ಲ. ಹಾಗಾಗಿ ಅವಳಿಗೂ ಹಾಕಬಹುದು, ಅವನಿಗೂ ಹಾಕಬಹುದು. ನಿನ್ನ ವಾರ್ಡಿಗೆ ಎಷ್ಟು ಸ್ಥಾನ, ಯಾವ ಮೀಸಲಾತಿ ಅಂತ ಪಂಚಾಯಿತಿ ಕಚೇರಿಯಲ್ಲಿ ಕೇಳು. ಮನೆಯ ಜಗಳಕ್ಕೆ ಅರ್ಧ ಉತ್ತರ ಅಲ್ಲೇ ಸಿಗಬಹುದು.

ಉಳಿದರ್ಧ ಹೇಳುತ್ತೇನೆ. ಮೇಲಿನ ಪತ್ರಕ್ಕೆ ವಿಧಾನಸಭೆಯಲ್ಲಿ ಪಕ್ಷಕ್ಕೆ ತೂಕ ಜಾಸ್ತಿ ಅಂದೆ. ಪಂಚಾಯಿತಿಯಲ್ಲಿ ಪೂರ್ತಿ ವ್ಯಕ್ತಿಯೇ. ಇಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ವಿಪ್ ಇಲ್ಲ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಕೆಲಸವೂ ಕಣ್ಣೆದುರಿನದು. ಬೋರ್‌ವೆಲ್ ಮೋಟರ್ ಸುಟ್ಟರೆ, ಚರಂಡಿ ಕಟ್ಟಿದರೆ, ಬೀದಿ ದೀಪ ಹೋದರೆ, ಮನೆ ಕೊಡುವ ಪಟ್ಟಿಯಲ್ಲಿ ಬಡವರ ಹೆಸರು ಬಿಟ್ಟು ಹೋದರೆ, ಆಸ್ತಿ ದಾಖಲೆಯ ಇ-ಸ್ವತ್ತಿಗೆ ಅಲೆದಾಡಿಸಿದರೆ, ಪಂಚಾಯಿತಿ ಅಧಿಕಾರಿ ಪಿ.ಡಿ.ಓ. ಹತ್ತಿರ ಹೋಗಿ ಕೂತು ಕೇಳುವವರು ಬೇಕು. ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬರುವವನಿಂದ ಇದು ಆಗುತ್ತದಾ? ಅವನಿಗೇ ನೇರವಾಗಿ ಕೇಳು. "ಗೆದ್ದರೆ ಊರಿಗೆ ಬಂದು ಇರ್ತೀಯೇನಪ್ಪಾ?" ಅಂತ. ಚಿಕ್ಕಮ್ಮ ಕೇಳಬಹುದಾದ ಪ್ರಶ್ನೆಯೇ ಅದು.

ಜಾತಿಯ ಮಾತು ಬರೆಯದೆ ಬಿಟ್ಟರೆ ಉತ್ತರ ಸುಳ್ಳಾಗುತ್ತದೆ. ನಮ್ಮ ಕಡೆ ಊರುಗಳಲ್ಲಿ ಯಾರ ಕೇರಿಗೆ ಮೊದಲು ನಲ್ಲಿ ಬಂತು, ಯಾರ ಕೇರಿಗೆ ಕೊನೆಗೆ ಬಂತು ಅನ್ನುವುದು ಜಾತಿ ಮೇಲೆಯೇ ನಡೆದುಕೊಂಡು ಬಂದಿದೆ. ಹಾಗಾಗಿ ತಮ್ಮವರು ಒಬ್ಬರು ಅಲ್ಲಿ ಕೂರಲಿ ಅಂತ ಬಡ ಕೇರಿಯವರು ಬಯಸಿದರೆ ನಾನು ಅದನ್ನು ತಪ್ಪು ಅನ್ನುವುದಿಲ್ಲ. ಮೀಸಲಾತಿ ಬಂದದ್ದೇ ಅದಕ್ಕೆ. ಆದರೆ ಈಗಾಗಲೇ ಎಲ್ಲ ಸೌಕರ್ಯ ಇರುವ ಕೇರಿಯವರು "ನಮ್ಮವನೇ" ಅಂತ ಕೆಲಸಕ್ಕೆ ಬಾರದವನನ್ನು ಕೂರಿಸಿದರೆ, ನಲ್ಲಿ ನಿಂತಾಗ ನಿಮ್ಮ ಕೇರಿಗೂ ನೀರು ನಿಲ್ಲುತ್ತದೆ.

ಆ ಹೆಣ್ಣುಮಗಳಿಗೂ ಒಂದು ಪ್ರಶ್ನೆ ಕೇಳು. ಸಭೆಗೆ ಅವಳೇ ಹೋಗುತ್ತಾಳಾ, ಗಂಡ ಹೋಗುತ್ತಾನಾ? ಅರ್ಧ ಸ್ಥಾನ ಹೆಂಗಸರಿಗೆ ಅಂತ ಕಾನೂನು ಇದೆ. ಆದರೆ ಸಹಿ ಹೆಂಡತಿಯದು, ಮಾತು ಗಂಡನದು ಅನ್ನುವ ಪಂಚಾಯಿತಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಂಘದ ಲೆಕ್ಕ ಬರೆದು, ಬ್ಯಾಂಕಿಗೆ ಹೋಗಿ ಮಾತಾಡಿ ಅಭ್ಯಾಸ ಇರುವವಳಾದರೆ ಅಷ್ಟು ಸುಲಭಕ್ಕೆ ಬಾಯಿ ಮುಚ್ಚುವುದಿಲ್ಲ. ನಾನಾಗಿದ್ದರೆ ಅವಳಿಗೆ ಹಾಕುತ್ತೇನೆ.

ಊರಿನ ಹಿರಿಯರು ಸೇರಿ "ಚುನಾವಣೆಯೇ ಬೇಡ, ದೇವಸ್ಥಾನಕ್ಕೆ ಇಷ್ಟು ಕೊಟ್ಟವರು ಅವಿರೋಧ" ಅಂತ ಹೊರಟರೆ ಒಪ್ಪಬೇಡಿ. 2020ರ ಚುನಾವಣೆಯಲ್ಲಿ ಕೆಲವು ಕಡೆ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಹರಾಜಾದ ಮೇಲೆ ಆಯ್ಕೆ ಮಾಡಲು ನಿನಗೆ ಏನು ಉಳಿಯಿತು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವನು. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತೇನೆ. ಹೆಂಡತಿ ಮಕ್ಕಳೂ ಇಲ್ಲೇ ಇದ್ದಾರೆ. ವೋಟು ಊರಲ್ಲೇ ಇದೆ. ಇಲ್ಲಿನ ಅಭ್ಯರ್ಥಿಗಳು ಯಾರಂತ ಗೊತ್ತಿಲ್ಲ, ಅಲ್ಲಿಯವರು ಗೊತ್ತು. ಎಲ್ಲಿ ಇಟ್ಟುಕೊಳ್ಳಲಿ?
— ಬೆಂಗಳೂರಿನ ಓದುಗ

ಉತ್ತರ: ಮಕ್ಕಳು ಎಲ್ಲಿ ಶಾಲೆಗೆ ಹೋಗುತ್ತಾರೋ, ನೀವು ಎಲ್ಲಿ ಬಾಡಿಗೆ ಕಟ್ಟುತ್ತೀರೋ, ಅಲ್ಲಿ. ವೋಟು ಇರಬೇಕಾದದ್ದು ವಾಸ ಇರುವ ಜಾಗದಲ್ಲಿ ಅಂತ ಕಾನೂನೂ ಹೇಳುತ್ತದೆ. ಎರಡು ಕಡೆ ಹೆಸರು ಇರುವಂತಿಲ್ಲ. ಫಾರಂ 8 ತುಂಬಿ ಬದಲಾಯಿಸಿಕೊಳ್ಳಿ.

ಊರಿನ ಋಣ ದೊಡ್ಡದು, ಒಪ್ಪಿದೆ. ಆದರೆ ಬೆಂಗಳೂರಿನಲ್ಲಿ ನಿಮ್ಮಂಥವರ ವೋಟು ಇಲ್ಲದಿದ್ದರೆ ನಿಮ್ಮ ಬೀದಿಗೆ ಯಾರೂ ಬರುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಸುಮಾರು ಶೇಕಡಾ 73 ಜನ ವೋಟು ಹಾಕಿದರೆ, ಬೆಂಗಳೂರಿನಲ್ಲಿ ಅದು 55ರ ಆಸುಪಾಸಿನಲ್ಲೇ ನಿಂತಿತು. ಅಭ್ಯರ್ಥಿ ಆರಿಸುವಾಗ ಬೆಂಗಳೂರಿನ ಒಂದು ವಿಶೇಷ ನೆನಪಿಡಿ. ಅಲ್ಲಿ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ. ಗುಂಡಿ, ಕಸ, ಕಾವೇರಿ ನೀರು ಎಲ್ಲದಕ್ಕೂ ಜನ ಶಾಸಕರ ಮನೆಗೇ ಹೋಗಬೇಕಾಯಿತು. ಆ ದಿನಗಳಲ್ಲಿ ನಿಮ್ಮ ಶಾಸಕರು ಏನು ಮಾಡಿದರು ಅಂತ ಪಕ್ಕದ ಅಂಗಡಿಯವರನ್ನು, ಪೌರಕಾರ್ಮಿಕರನ್ನು ಕೇಳಿ.

ಪ್ರಶ್ನೆ: ನನಗೆ ಎಪ್ಪತ್ತರ ಹತ್ತಿರ. ಮೊದಲ ವೋಟು 1978ರಲ್ಲಿ, ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿಗೆ ಬಂದು ನಿಂತಾಗ. ಅಂದು ಹಿಡಿದ ಪಕ್ಷ ಇಂದಿಗೂ ಬಿಟ್ಟಿಲ್ಲ. ಈಗ ಮನಸ್ಸು ಯಾಕೋ ಒಪ್ಪುತ್ತಿಲ್ಲ. ಬದಲಾಯಿಸಿದರೆ ದ್ರೋಹ ಅಲ್ಲವೇ?
— ಚಿಕ್ಕಮಗಳೂರಿನ ಹಿರಿಯ ಓದುಗರು

ಉತ್ತರ: ಅಲ್ಲ ಸರ್. ಪಕ್ಷ ನಿಮಗೆ ಸಾಲ ಕೊಟ್ಟಿಲ್ಲ. ಆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು ವೀರೇಂದ್ರ ಪಾಟೀಲರು. ಅವರೇ ಆಮೇಲೆ ಅದೇ ಪಕ್ಷ ಸೇರಿ 1989ರಲ್ಲಿ ಮುಖ್ಯಮಂತ್ರಿ ಆದರು. ನಾಯಕರು ಅಷ್ಟು ದೂರ ನಡೆದಿದ್ದಾರೆ, ಮತದಾರರು ಒಂದು ಹೆಜ್ಜೆ ಇಟ್ಟರೆ ದ್ರೋಹ ಹೇಗಾಗುತ್ತದೆ?

ನಮ್ಮ ಜನ ಚುನಾವಣೆಯಿಂದ ಚುನಾವಣೆಗೆ ಬೇರೆ ಬೇರೆ ತೀರ್ಮಾನ ಮಾಡಿದ್ದೂ ಇದೆ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟರು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೆ ಒಂದು, ಬೆಂಗಳೂರಿಗೆ ಒಂದು ಅಂತ ನಮ್ಮ ಹಳ್ಳಿಯ ಹೆಂಗಸರೂ ಆಗ ಸ್ಪಷ್ಟವಾಗಿ ಹೇಳುತ್ತಿದ್ದರು. ನೀವು ಪಕ್ಷ ಬಿಡಲೇಬೇಕು ಅಂತ ನಾನು ಹೇಳುತ್ತಿಲ್ಲ. ಈ ಸಲದ ಕುರ್ಚಿಗೆ ಈ ಸಲ ಯಾರು ಅಂತ ಹೊಸದಾಗಿ ಕೇಳಿಕೊಳ್ಳಿ. ಹಳೆಯ ಪಕ್ಷವೇ ಸರಿ ಅನಿಸಿದರೆ ನೆಮ್ಮದಿಯಾಗಿ ಅದಕ್ಕೇ ಹಾಕಿ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ಓದುತ್ತಿದ್ದೇನೆ. ಇನ್ನೂ ಒಮ್ಮೆಯೂ ವೋಟು ಹಾಕಿಲ್ಲ. ಇಷ್ಟೆಲ್ಲ ತಿಳಿದುಕೊಳ್ಳಲು ಟೈಮ್ ಇರಲ್ಲ. ಒಂದು ಸಂಜೆಯಲ್ಲಿ ಆಗುವಂಥದ್ದು ಹೇಳಿ.
— ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಒಂದು ಸಂಜೆ ಸಾಕು ಪುಟ್ಟಾ. ಮೊದಲ ಒಂದು ಗಂಟೆ ನಿನ್ನ ಕ್ಷೇತ್ರದ ಮುಖ್ಯ ಅಭ್ಯರ್ಥಿಗಳ ಅಫಿಡವಿಟ್ ಓದು. ಚುನಾವಣಾ ಆಯೋಗದ ಕೆ.ವೈ.ಸಿ. (ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ) ಆ್ಯಪ್‌ನಲ್ಲಿ ಮೊಬೈಲಿನಲ್ಲೇ ಸಿಗುತ್ತದೆ. ಆಮೇಲೆ ಪ್ರಣಾಳಿಕೆ ತೆಗೆ. ಪೂರ್ತಿ ಓದಬೇಡ. ಶಿಕ್ಷಣ ಮತ್ತು ಉದ್ಯೋಗದ ಪುಟ ಮಾತ್ರ ಓದು, ಅದು ನಿನಗೆ ನೇರ ತಾಗುವುದು. ಹಣ ಎಲ್ಲಿಂದ, ಯಾವಾಗ ಅಂತ ಬರೆದಿದ್ದಾರಾ ನೋಡು. ಅಧಿಕಾರದಲ್ಲಿ ಇದ್ದವರಾದರೆ ಹಿಂದಿನ ಪ್ರಣಾಳಿಕೆಯ ಅದೇ ಪುಟವನ್ನೂ ತೆಗೆ. ಕೊನೆಗೆ ಇಬ್ಬರ ಹತ್ತಿರ ಮಾತಾಡು, ಒಬ್ಬರು ನಿನ್ನ ಅಭಿಪ್ರಾಯದವರು, ಇನ್ನೊಬ್ಬರು ವಿರುದ್ಧದವರು. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೋವನ್ನು ಆ ರಾತ್ರಿ ನೋಡಬೇಡ. ಮತದಾನದ ಹಿಂದಿನ ದಿನ ಬರುವ "ಭಯಂಕರ ಸುದ್ದಿ"ಯಲ್ಲಿ ಹೆಚ್ಚಿನವು ಪರಿಶೀಲನೆಗೆ ಸಮಯ ಸಿಗಬಾರದು ಅಂತಲೇ ಬರುವಂಥವು.

ಇದೆಲ್ಲಕ್ಕಿಂತ ಮುಂಚೆ ಹೆಸರು ಪಟ್ಟಿಯಲ್ಲಿ ಇದೆಯಾ ನೋಡು. ಇಲ್ಲದಿದ್ದರೆ ಫಾರಂ 6 ಹಾಕು. ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡ. ಏನಾದರೂ ಕೇಳಬೇಕಾದರೆ 1950ಕ್ಕೆ ಫೋನ್ ಮಾಡು, ಇಲ್ಲವೇ ಮತದಾರರ ಪಟ್ಟಿ ನೋಡಿಕೊಳ್ಳುವ ನಿಮ್ಮ ಬೂತಿನ ಬಿ.ಎಲ್.ಓ. ಯಾರು ಅಂತ ವಿಚಾರಿಸು. ಮತದಾನದ ದಿನ ಚೀಟಿ ಬಂದಿಲ್ಲ ಅಂತ ಎಷ್ಟೋ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಚೀಟಿ ಬರದಿದ್ದರೂ ಪರವಾಗಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಎಪಿಕ್ (ಮತದಾರರ ಗುರುತಿನ) ಕಾರ್ಡ್, ಅದೂ ಇಲ್ಲದಿದ್ದರೆ ಆಧಾರ್ ತಗೊಂಡು ಬೆಳಿಗ್ಗೆ ಬೇಗ ಹೋಗು. ಏಳು ಗಂಟೆಗೆ ಸಾಲು ಚಿಕ್ಕದಿರುತ್ತದೆ.